ಷೇರು ಆಪ್ಷನ್‌ನಲ್ಲಿ ಎಷ್ಟು ಹಣ, ಯಾವ ಹೊತ್ತು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಆದಾಯ ತೆರಿಗೆ ರಿಟರ್ನ್ಸ್ ತುಂಬಿಕೊಡುವುದು ನನ್ನ ಕಸುಬು. ಮೊದಲೆಲ್ಲ ನನ್ನ ಮೇಜಿಗೆ ಬರುತ್ತಿದ್ದುದು ಫಾರಂ 16 ಮತ್ತು ಅಂಗಡಿ ಲೆಕ್ಕದ ಪುಸ್ತಕ. ಈಗ ಅವುಗಳ ಜೊತೆಗೆ ಬ್ರೋಕರ್ ಕಳುಹಿಸಿದ ಎಫ್ ಆಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಲಾಭ-ನಷ್ಟದ ಪಟ್ಟಿಯೂ ಬರುತ್ತದೆ. ತರುವವರಲ್ಲಿ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿದ್ದಾರೆ, ಭದ್ರಾವತಿಯ ನಿವೃತ್ತ ಕಾರ್ಮಿಕರಿದ್ದಾರೆ, ಸಾಗರದ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗರಿದ್ದಾರೆ. ತೆರಿಗೆಯ ಬಗ್ಗೆ ಕೇಳುವುದಕ್ಕಿಂತ ಹೆಚ್ಚಾಗಿ ಅವರು ಆಪ್ಷನ್ ಬಗ್ಗೆಯೇ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತ ಸಲಹೆಗಾರನಲ್ಲ. ಯಾವ ಷೇರು, ಯಾವ ಸ್ಟ್ರೈಕ್ ಎಂದು ಹುಡುಕಿಕೊಂಡು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಆಪ್ಷನ್ ಎಂದರೆ ಏನು? ಒಮ್ಮೆ ಸರಳವಾಗಿ ಹೇಳಿ.

ಚೇಣಿ ಗೊತ್ತಿರುವವರಿಗೆ ಇದು ಕಷ್ಟವಲ್ಲ. ಕೊಯ್ಲಿಗೆ ಮೊದಲೇ ತೋಟದ ಫಸಲಿಗೆ ದರ ಮಾತಾಗುತ್ತದೆ, ಚೇಣಿದಾರ ಮುಂಗಡ ಕೊಡುತ್ತಾನೆ. ಪೇಟೆಯಲ್ಲಿ ಧಾರಣೆ ಏರಿದರೂ ಮಾತಾದ ದರಕ್ಕೇ ಅಡಿಕೆ ಅವನದು. ಧಾರಣೆ ಕುಸಿದರೆ ಮುಂಗಡವನ್ನು ಬಿಟ್ಟು ಹೊರಟುಹೋಗಬಹುದು ಎಂಬ ಕರಾರೂ ಇದೆ ಎಂದಿಟ್ಟುಕೊಳ್ಳಿ. (ನಿಜವಾದ ಚೇಣಿಯಲ್ಲಿ ಹಾಗೆ ಹೊರಟುಹೋದವನಿಗೆ ಮರುವರ್ಷ ಊರಿನಲ್ಲಿ ಯಾರೂ ತೋಟ ಕೊಡುವುದಿಲ್ಲ, ಷೇರು ಪೇಟೆಗೆ ಆ ಮುಲಾಜಿಲ್ಲ.) ಮುಂಗಡವೇ ಪ್ರೀಮಿಯಂ, ಮಾತಾದ ದರವೇ ಸ್ಟ್ರೈಕ್, ಗಡುವಿನ ದಿನವೇ ಎಕ್ಸ್‌ಪೈರಿ. ಚೇಣಿದಾರ ಕಾಲ್ ಕೊಂಡವನು, ತೋಟದ ಯಜಮಾನ ಕಾಲ್ ಮಾರಿದವನು. ಕಾಲ್ ಎಂದರೆ ನಿಗದಿಯಾದ ದರಕ್ಕೆ ಕೊಳ್ಳುವ ಹಕ್ಕು, ಪುಟ್ ಎಂದರೆ ನಿಗದಿಯಾದ ದರಕ್ಕೆ ಮಾರುವ ಹಕ್ಕು.

ಕೊಂಡವನಿಗೆ ಹಕ್ಕು, ಮಾರಿದವನಿಗೆ ಬದ್ಧತೆ. ಇಷ್ಟು ತಿಳಿದರೆ ಮುಂದಿನದೆಲ್ಲ ಲೆಕ್ಕ. ನಮ್ಮಲ್ಲಿ ಬಿಡಿ ಷೇರುಗಳ ಆಪ್ಷನ್ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ 2001ರ ಜುಲೈನಲ್ಲಿ ಶುರುವಾಯಿತು. 2011ರಿಂದ ಅವು ಯುರೋಪಿಯನ್ ಮಾದರಿಗೆ ಬದಲಾದವು. ಅಂದರೆ ಹಕ್ಕು ಚಲಾವಣೆಯಾಗುವುದು ಎಕ್ಸ್‌ಪೈರಿಯ ದಿನ ಮಾತ್ರ. ಅದಕ್ಕೆ ಮೊದಲು ಬೇಡವೆನಿಸಿದರೆ ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಿ ಹೊರಬರಬೇಕು.

ಇದರಲ್ಲಿ ನಿಜವಾಗಿ ಎಷ್ಟು ಜನ ದುಡ್ಡು ಮಾಡುತ್ತಾರೆ?

ಸೆಬಿಯೇ ಲೆಕ್ಕ ಹಾಕಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆಂಡ್ ಒ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡಿದ್ದಾರೆ. ತಲಾ ನಷ್ಟ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಎಲ್ಲರದೂ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1ರಷ್ಟು ಮಾತ್ರ. 2024-25ರ ಲೆಕ್ಕವೂ ಬಂದಿದೆ: ಶೇ 91ರಷ್ಟು ಮಂದಿಗೆ ನಷ್ಟ, ಒಟ್ಟು ಸುಮಾರು 1.05 ಲಕ್ಷ ಕೋಟಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 2024ರ ವರದಿಯ ಇನ್ನೆರಡು ಅಂಕಿಗಳು. ನಷ್ಟ ಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ವಹಿವಾಟನ್ನು ಬಿಡದೆ ಮುಂದುವರಿಸಿದ್ದಾರೆ. ವೈಯಕ್ತಿಕ ವಹಿವಾಟುದಾರರಲ್ಲಿ ಶೇ 72ಕ್ಕೂ ಹೆಚ್ಚಿನವರು ಮೊದಲ ಮೂವತ್ತು ದೊಡ್ಡ ನಗರಗಳ ಆಚೆಯವರು. ಇದು ಮುಂಬೈನವರ ಚಟ ಎಂದು ಶಿವಮೊಗ್ಗದಲ್ಲಿ ಕುಳಿತು ಹೇಳುವಂತಿಲ್ಲ.

ಎದುರು ಬದಿಯಲ್ಲಿ ಯಾರಿದ್ದಾರೆ ಎಂಬುದೂ ಅಲ್ಲಿದೆ. 2023-24ರಲ್ಲಿ ಬ್ರೋಕರ್ ಸಂಸ್ಥೆಗಳ ಸ್ವಂತ ವಹಿವಾಟು ವಿಭಾಗಗಳು ವೆಚ್ಚ ಕಳೆಯುವ ಮೊದಲು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಲಾಭ ಮಾಡಿದ್ದಾರೆ. ಅದರ ಬಹುಪಾಲು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಆಲ್ಗೊ ವ್ಯವಹಾರದಿಂದ ಬಂದದ್ದು. ನಿಮ್ಮ ಮೊಬೈಲ್ ಪರದೆಯಲ್ಲಿ ಅಂಕಿ ಬದಲಾಗುವಷ್ಟರಲ್ಲಿ ಅಲ್ಲಿ ಕೆಲಸ ಮುಗಿದಿರುತ್ತದೆ. ವೇಗದಲ್ಲಿ ಅವರನ್ನು ಹಿಂದಿಕ್ಕುತ್ತೇನೆ ಎಂಬ ಯಾವ ಯೋಜನೆಯನ್ನೂ ನನ್ನ ಬಳಿ ತರಬೇಡಿ.

ನಾನು ಅಂದುಕೊಂಡ ಹಾಗೆಯೇ ಷೇರು ಏರಿತು. ಆದರೂ ನಷ್ಟವಾಯಿತು. ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಷೇರು ಕೊಂಡವನಿಗೆ ದಿಕ್ಕು ಸರಿಯಿದ್ದರೆ ಸಾಕು, ಕಾಯಬಹುದು. ಆಪ್ಷನ್ ಕೊಂಡವನಿಗೆ ಮೂರು ಸರಿಯಿರಬೇಕು: ದಿಕ್ಕು, ದೂರ, ಗಡುವು. ನಮ್ಮವರು ಮೊದಲನೆಯದರ ಬಗ್ಗೆ ರಾತ್ರಿಯಿಡೀ ಚರ್ಚಿಸುತ್ತಾರೆ. ಉಳಿದೆರಡರ ಹೆಸರನ್ನೂ ಎತ್ತುವುದಿಲ್ಲ.

ಲೆಕ್ಕ ನೋಡಿ. ಒಂದು ಷೇರಿನ ಬೆಲೆ 1,500 ರೂಪಾಯಿ, ಲಾಟ್ (ಒಮ್ಮೆಗೆ ಕೊಳ್ಳಲೇಬೇಕಾದ ಕಂತೆ) 400 ಷೇರು ಎಂದಿರಲಿ. ವರ್ಷಕ್ಕೆ ಶೇ 25ರಷ್ಟು ಏರಿಳಿತವನ್ನು ಪೇಟೆ ನಿರೀಕ್ಷಿಸುತ್ತಿದೆ. ಇದನ್ನೇ ಐವಿ ಎನ್ನುವುದು. ಎಕ್ಸ್‌ಪೈರಿಗೆ 30 ದಿನ ಇರುವಾಗ 1,500ರ ಕಾಲ್‌ನ ಬೆಲೆ ಸುಮಾರು 43 ರೂಪಾಯಿ ಇರುತ್ತದೆ. ಒಂದು ಲಾಟ್ ಕೊಂಡಿರಿ, 17,200 ರೂಪಾಯಿ ಹೋಯಿತು. ನಿಮ್ಮ ಊಹೆ ಸರಿಯಾಯಿತು, ಷೇರು ಏರಿತು. 1,515ಕ್ಕೆ ಬಂದು ನಿಂತಿತು. ಅದು 15 ದಿನ ಬಾಕಿ ಇರುವಾಗ ಆದರೆ ನಿಮ್ಮ ಆಪ್ಷನ್ ಬೆಲೆ 38 ರೂಪಾಯಿಯ ಆಸುಪಾಸು. 7 ದಿನ ಬಾಕಿ ಇರುವಾಗ ಆದರೆ 29. ಎಕ್ಸ್‌ಪೈರಿಯ ದಿನವೂ ಷೇರು 1,515ರಲ್ಲೇ ಇದ್ದರೆ ಕೈಗೆ ಸಿಗುವುದು 15. ಅಂದರೆ 17,200 ಹಾಕಿ 6,000 ತೆಗೆದಿರಿ. ಷೇರು ಏರಿದೆ, ನೀವು 11,200 ಕಳೆದುಕೊಂಡಿದ್ದೀರಿ. ಅಸಲು ವಾಪಸ್ಸಾಗಲು ಅದು 1,543 ದಾಟಬೇಕಿತ್ತು.

ಈ ಸವೆತಕ್ಕೆ ಥೀಟಾ ಎಂದು ಹೆಸರು. ಇದು ದಿನವೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲ. ಷೇರು 1,500ರಲ್ಲೇ ಅಲುಗಾಡದೆ ನಿಂತರೆ ಅದೇ ಕಾಲ್ 30 ದಿನ ಬಾಕಿ ಇರುವಾಗ 43, 15 ದಿನ ಬಾಕಿ ಇರುವಾಗ 30, 7 ದಿನ ಬಾಕಿ ಇರುವಾಗ 21, ಕೊನೆಯ ಒಂದು ದಿನ ಉಳಿದಾಗ 8 ರೂಪಾಯಿ. ಮೊದಲ ಹದಿನೈದು ದಿನಗಳಲ್ಲಿ 13 ರೂಪಾಯಿ ಕರಗಿದರೆ ಕೊನೆಯ ಏಳು ದಿನಗಳಲ್ಲಿ 21 ರೂಪಾಯಿ ಪೂರ್ತಿಯಾಗಿ ಕರಗುತ್ತದೆ. ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಕೊನೆಯ ವಾರದಲ್ಲಿ ಕೊಳ್ಳುವವರು ಕೊಳ್ಳುತ್ತಿರುವುದು ಅತಿ ವೇಗವಾಗಿ ಕರಗುವ ಭಾಗವನ್ನು. ನಾನಾದರೆ ಕೊಳ್ಳುವುದಿದ್ದರೆ ಮುಂದಿನ ತಿಂಗಳಿನದನ್ನು ಕೊಂಡು, ಅದರ ಕೊನೆಯ ವಾರ ಬರುವ ಮೊದಲೇ ಲಾಭವಿರಲಿ ನಷ್ಟವಿರಲಿ ಹೊರಬರುತ್ತೇನೆ. ಪ್ರೀಮಿಯಂ ಹೆಚ್ಚಾಗುತ್ತದೆ, ನಿಜ. ನೀವು ಕೊಳ್ಳುತ್ತಿರುವುದೇ ಸಮಯವನ್ನು. ಅದಕ್ಕೆ ಬೆಲೆ ಇರದೆ ಇರುತ್ತದೆಯೇ?

ಕಂಪನಿಯ ಫಲಿತಾಂಶದ ಹಿಂದಿನ ದಿನ ಕಾಲ್, ಪುಟ್ ಎರಡನ್ನೂ ಕೊಂಡರೆ ಯಾವ ಕಡೆ ಹೋದರೂ ಲಾಭವಲ್ಲವೇ?

ಫಲಿತಾಂಶದ ದಿನಾಂಕ ನಿಮಗೊಬ್ಬರಿಗೇ ಗೊತ್ತಿದ್ದರೆ ಹೌದು. ಎಲ್ಲರಿಗೂ ಗೊತ್ತಿರುವುದರಿಂದ ಅಂದಿನ ಆತಂಕವೆಲ್ಲ ಪ್ರೀಮಿಯಂನಲ್ಲಿ ಮೊದಲೇ ಸೇರಿಕೊಂಡಿರುತ್ತದೆ, ಐವಿ ಉಬ್ಬಿರುತ್ತದೆ. ಫಲಿತಾಂಶ ಬಂದ ಮರುಬೆಳಿಗ್ಗೆ ಆತಂಕ ಇಳಿಯುತ್ತದೆ, ಎರಡೂ ಆಪ್ಷನ್‌ಗಳ ಬೆಲೆ ಒಟ್ಟಿಗೆ ಕುಗ್ಗುತ್ತದೆ. 1,500ರ ಷೇರಿನ ಕಾಲ್ ಮತ್ತು ಪುಟ್ ಸೇರಿ 90 ರೂಪಾಯಿ ಆಗುತ್ತಿದ್ದರೆ, ಎಕ್ಸ್‌ಪೈರಿಯ ಹೊತ್ತಿಗೆ ಷೇರು ಶೇ 6ಕ್ಕಿಂತ ಹೆಚ್ಚು ಅತ್ತಲೋ ಇತ್ತಲೋ ಸರಿಯದ ಹೊರತು ನಿಮಗೆ ಲಾಭವಿಲ್ಲ. ಕೊಳ್ಳುವ ಮೊದಲು ಈ ಒಂದು ಭಾಗಾಕಾರ ಮಾಡಿ, ಆ ಷೇರು ಹಿಂದಿನ ಏಳೆಂಟು ಫಲಿತಾಂಶಗಳಂದು ಎಷ್ಟು ಸರಿದಿತ್ತು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಹೆಚ್ಚಿನ ಸಲ ಆಸೆ ಅಲ್ಲಿಗೇ ತಣಿಯುತ್ತದೆ.

ದೊಡ್ಡ ಜಿಗಿತಗಳು ಆಗುವುದೇ ಇಲ್ಲ ಎಂದಲ್ಲ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜನವರಿ 17ರಂದು, ಫಲಿತಾಂಶದ ಮರುದಿನ, ಶೇ 8ಕ್ಕೂ ಹೆಚ್ಚು ಬಿದ್ದಿತು. ಅಂಥ ದಿನಗಳನ್ನು ಎಲ್ಲರೂ ನೆನಪಿಡುತ್ತಾರೆ. ಶೇ 2ರಷ್ಟು ಸರಿದು ಸುಮ್ಮನಾದ ದಿನಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಸೂಚ್ಯಂಕದಲ್ಲೂ ಇದೇ ಕಥೆ. 2024ರ ಲೋಕಸಭಾ ಚುನಾವಣೆಯ ಮತದಾನೋತ್ತರ ಸಮೀಕ್ಷೆಗಳು ಬಂದ ಮೇಲೆ ಜೂನ್ 3ರಂದು ನಿಫ್ಟಿ ಶೇ 3ಕ್ಕೂ ಹೆಚ್ಚು ಏರಿತು. ಮತ ಎಣಿಕೆಯ ದಿನವಾದ ಜೂನ್ 4ರಂದು ಹೆಚ್ಚುಕಡಿಮೆ ಶೇ 6ರಷ್ಟು ಕುಸಿದು 21,884ರಲ್ಲಿ ನಿಂತಿತು. ಜೂನ್ 5ರಂದು ಮತ್ತೆ 22,620ಕ್ಕೆ ಏರಿತು. ಎಣಿಕೆಯ ದಿನ ಗಾಬರಿಯಿಂದ ದುಬಾರಿ ಪುಟ್ ಕೊಂಡವರಿಗೆ ಮರುದಿನ ಎರಡು ಕಡೆಯಿಂದ ಪೆಟ್ಟು: ನಿಫ್ಟಿ ಏರಿತು, ಪೇಟೆಯ ಆತಂಕವನ್ನು ಅಳೆಯುವ ಇಂಡಿಯಾ ವಿಐಎಕ್ಸ್ ಕುಸಿಯಿತು.

ಹಾಗಾದರೆ ಆಪ್ಷನ್ ಮಾರುವವನೇ ಜಾಣನಲ್ಲವೇ? ಕಾಲ ಅವನ ಕಡೆಗಿದೆ.

ಕಾಲ ಅವನ ಕಡೆಗಿದೆ, ಗಾತ್ರ ಅವನ ವಿರುದ್ಧವಿದೆ. ಆಪ್ಷನ್ ಮಾರುವವರ ಲಾಭ-ನಷ್ಟದ ಪಟ್ಟಿಯನ್ನು ನೋಡಿದ ಕೂಡಲೇ ಗುರುತಿಸಬಲ್ಲೆ: ಸಾಲಾಗಿ ಸಣ್ಣ ಸಣ್ಣ ಲಾಭ, ನಡುವೆ ಎಲ್ಲೋ ಒಂದು ಕಡೆ ಅಷ್ಟನ್ನೂ ನುಂಗಿ ಅಸಲಿಗೂ ಕೈಹಾಕಿದ ಒಂದು ಸಾಲು.

2025ರ ಮಾರ್ಚ್ 11 ಅಂಥ ದಿನ. ತನ್ನ ಡೆರಿವೇಟಿವ್ (ಆಪ್ಷನ್, ಫ್ಯೂಚರ್ಸ್‌ನಂಥ ಕರಾರುಗಳ) ಲೆಕ್ಕದಲ್ಲಿ ವ್ಯತ್ಯಾಸಗಳಿವೆ ಎಂದು ಹಿಂದಿನ ದಿನ ಇಂಡಸ್ಇಂಡ್ ಬ್ಯಾಂಕ್ ಪ್ರಕಟಿಸಿತ್ತು. 900 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಒಂದೇ ದಿನದಲ್ಲಿ ಶೇ 27ರಷ್ಟು ಬಿದ್ದು 656ಕ್ಕೆ ಬಂದಿತು. ಅದು ತ್ರೈಮಾಸಿಕ ಫಲಿತಾಂಶವಲ್ಲ, ಮೊದಲೇ ಗೊತ್ತಿದ್ದ ದಿನಾಂಕವಲ್ಲ. 850ರ ಪುಟ್ ಅನ್ನು ಕೆಲವೇ ರೂಪಾಯಿಗೆ ಮಾರಿ, ಇಷ್ಟು ಕೆಳಗೆ ಎಲ್ಲಿ ಬರುತ್ತದೆ ಎಂದುಕೊಂಡು ಮಲಗಿದವನು ಎದ್ದಾಗ ಪ್ರತಿ ಷೇರಿಗೆ 190 ರೂಪಾಯಿಗೂ ಹೆಚ್ಚಿನ ಹೊರೆ ಹೊತ್ತಿದ್ದ. ಇಲ್ಲಿ ಸ್ಟಾಪ್‌ಲಾಸ್ (ನಷ್ಟ ಇಷ್ಟಾದರೆ ಹೊರಬರಬೇಕೆಂದು ಹಾಕಿಡುವ ಆರ್ಡರ್) ಏನೂ ಮಾಡುವುದಿಲ್ಲ. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುವುದೇ ನಿಮ್ಮ ಸ್ಟಾಪ್‌ಲಾಸ್‌ನಿಂದ ಬಹಳ ಕೆಳಗೆ. ಇನ್ಫೊಸಿಸ್‌ನಂಥ ಗಟ್ಟಿ ಕಂಪನಿಯೂ 2019ರ ಅಕ್ಟೋಬರ್ 22ರಂದು, ಆಡಳಿತದ ವಿರುದ್ಧ ಅನಾಮಧೇಯ ದೂರುಗಳು ಹೊರಬಂದಾಗ, ಸುಮಾರು ಶೇ 16ರಷ್ಟು ಬಿದ್ದಿತ್ತು.

ಆದ್ದರಿಂದ ಬಿಡಿ ಷೇರಿನ ಆಪ್ಷನ್ ಅನ್ನು ರಕ್ಷಣೆಯಿಲ್ಲದೆ ಮಾರಿ ರಾತ್ರಿ ಕಳೆಯಬೇಡಿ. 850ರ ಪುಟ್ ಮಾರುವುದಿದ್ದರೆ ಅದೇ ಹೊತ್ತಿಗೆ 820ರ ಪುಟ್ ಕೊಳ್ಳಿ. ಬರುವ ಪ್ರೀಮಿಯಂ ಕಡಿಮೆಯಾಗುತ್ತದೆ, ಆದರೆ ನಷ್ಟ ಎಷ್ಟೇ ಆದರೂ ಷೇರಿಗೆ 30 ರೂಪಾಯಿಯೊಳಗೆ ನಿಲ್ಲುತ್ತದೆ. ತಿಂಗಳಿಗೆ ಇಷ್ಟು ಖಚಿತ ಆದಾಯ ಎಂದು ಲೆಕ್ಕ ಹಾಕಿಕೊಂಡು ಬರುವವರಿಗೆ ಈ ಮಾತು ರುಚಿಸುವುದಿಲ್ಲ. ಅವರ ಮುಂದಿನ ವರ್ಷದ ರಿಟರ್ನ್ಸ್ ತುಂಬುವಾಗ ನನಗೂ ರುಚಿಸುವುದಿಲ್ಲ.

ಒಂದು ವಹಿವಾಟಿಗೆ ಎಷ್ಟು ಹಣ ಹಾಕಬೇಕು?

ಪ್ರಶ್ನೆಯನ್ನು ತಿರುಗಿಸಿ ಕೇಳಿ: ಈ ವಹಿವಾಟು ಪೂರ್ತಿ ಕೆಟ್ಟರೆ ಎಷ್ಟು ಹೋಗಬಹುದು? ಆಪ್ಷನ್ ಕೊಳ್ಳುವಾಗ ಉತ್ತರ ಸುಲಭ, ಕೊಟ್ಟ ಪ್ರೀಮಿಯಂ ಪೂರ್ತಿ. ಆ ಮೊತ್ತ ಒಟ್ಟು ಬಂಡವಾಳದ ಶೇ 2ನ್ನು ದಾಟಬಾರದು ಎಂಬುದು ಹಳೆಯ ರೂಢಿ, ನನಗೆ ಅದು ಸರಿಯೆನಿಸುತ್ತದೆ. ಪ್ರತಿ ಸಲ ಶೇ 2 ಕಳೆದುಕೊಳ್ಳುತ್ತ ಸತತ ಹತ್ತು ಸಲ ಸೋತರೂ ಬಂಡವಾಳದ ಶೇ 82ರಷ್ಟು ಉಳಿದಿರುತ್ತದೆ. ಪ್ರತಿ ಸಲ ಶೇ 20 ಹಾಕಿ ಹತ್ತು ಸಲ ಸೋತರೆ ಉಳಿಯುವುದು ಶೇ 11ಕ್ಕಿಂತ ಕಡಿಮೆ. ಅರ್ಧ ಕಳೆದುಕೊಂಡವನು ಮೊದಲಿನ ಜಾಗಕ್ಕೆ ಬರಬೇಕಾದರೆ ಉಳಿದದ್ದನ್ನು ಇಮ್ಮಡಿ ಮಾಡಬೇಕು.

ಮೂರು ಲಕ್ಷ ರೂಪಾಯಿ ಬಂಡವಾಳ ಇದ್ದವರಿಗೆ ಮಿತಿ 6,000. ಮೇಲೆ ಹೇಳಿದ 1,500ರ ಕಾಲ್‌ಗೆ ಒಂದೇ ಲಾಟ್‌ಗೆ 17,200 ಬೇಕು. ಒಂದಕ್ಕಿಂತ ಕಡಿಮೆ ಲಾಟ್ ಸಿಗುವುದಿಲ್ಲ. ಅಂದರೆ ಆ ವಹಿವಾಟು ನಿಮ್ಮ ಅಳತೆಯದಲ್ಲ. 1,500ರ ಕಾಲ್ ಕೊಂಡು 1,540ರ ಕಾಲ್ ಅನ್ನು ಸುಮಾರು 26ಕ್ಕೆ ಮಾರಿದರೆ ನಿವ್ವಳ ಖರ್ಚು 17 ರೂಪಾಯಿ, ಲಾಟ್‌ಗೆ 6,800; ಇದು ಮಿತಿಯ ಹತ್ತಿರ ಬರುತ್ತದೆ. ಲಾಭವೂ ಲಾಟ್‌ಗೆ 9,200ಕ್ಕೆ ಮಿತಿಗೊಳ್ಳುತ್ತದೆ. ಮಾರಿದ ಭಾಗಕ್ಕೆ ಮಾರ್ಜಿನ್ (ಭದ್ರತೆಯ ಠೇವಣಿ) ಇಡಬೇಕಾಗುವುದರಿಂದ ಖಾತೆಯಲ್ಲಿ ಇನ್ನಷ್ಟು ಹಣ ಬೇಕು. ಇದೆಲ್ಲ ಕಿರಿಕಿರಿ ಎನಿಸಿದರೆ ಷೇರನ್ನೇ ನಾಲ್ಕೋ ಹತ್ತೋ ಕೊಂಡು ಇಟ್ಟುಕೊಳ್ಳಿ. ಅದಕ್ಕೆ ಎಕ್ಸ್‌ಪೈರಿ ಇಲ್ಲ.

ಬಂಡವಾಳ ಯಾವುದು ಎಂಬುದು ನಮ್ಮ ಸೀಮೆಯಲ್ಲಿ ಇನ್ನೂ ದೊಡ್ಡ ಪ್ರಶ್ನೆ. ಸಂಬಳದವರಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ಅಡಿಕೆಯವರಿಗೆ ಬಹುಪಾಲು ವರ್ಷದ ಹಣ ಕೊಯ್ಲು, ಸುಲಿತ ಮುಗಿದು ಮಂಡಿಗೋ ಅಡಿಕೆ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೋ ಮಾಲು ಹೋದ ಮೇಲೆ ಕೈಸೇರುತ್ತದೆ. ಫೆಬ್ರುವರಿಯಲ್ಲಿ ಬ್ಯಾಂಕ್ ಖಾತೆಯಲ್ಲಿ ಎಂಟು ಲಕ್ಷ ಕಾಣುತ್ತದೆ, ಕಂಡದ್ದೆಲ್ಲ ಬಂಡವಾಳ ಎನಿಸುತ್ತದೆ. ಅದರಲ್ಲಿ ಮುಂದಿನ ಗೊಬ್ಬರ, ಆಳಿನ ಕೂಲಿ, ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಬೋರ್ಡೋ ಹೊಡೆಸುವ ಖರ್ಚು, ಮಕ್ಕಳ ಶುಲ್ಕ, ಸೊಸೈಟಿ ಸಾಲದ ಕಂತು ಎಲ್ಲವೂ ಸೇರಿದೆ. ಅವನ್ನೆಲ್ಲ ಬೇರೆ ಖಾತೆಗೆ ಹಾಕಿ, ಆಮೇಲೆ ಉಳಿದದ್ದರ ಒಂದು ಸಣ್ಣ ಪಾಲನ್ನು ಬಂಡವಾಳ ಎಂದು ಕರೆಯಿರಿ. ಚಿನ್ನ ಅಡವಿಟ್ಟು ತಂದ ಹಣವನ್ನು, ಬೆಳೆ ಸಾಲವನ್ನು ಇದಕ್ಕೆ ಹಾಕುವವರಿಗೆ ಶೇ 2ರ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಅವರು ನಿಲ್ಲಿಸಬೇಕು, ಅಷ್ಟೆ.

ಬಿದ್ದ ಆಪ್ಷನ್ ಅನ್ನು ಇನ್ನಷ್ಟು ಕೊಂಡು ಸರಾಸರಿ ಇಳಿಸಬಹುದೇ?

ಬೇಡ. ಷೇರಿನಲ್ಲಿ ಕಾಯಲು ಅವಕಾಶವಿದೆ ಎಂಬ ಕಾರಣಕ್ಕೆ ಆ ಮಾತಿಗೆ ಸ್ವಲ್ಪ ಅರ್ಥವಿದೆ. ಇಲ್ಲಿ ಗಡುವು ಮುಗಿದರೆ ಕಾಗದವೇ ಇರುವುದಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋದರೆ, ನೆಟ್‌ವರ್ಕ್ ಹೋದರೆ ಏನು ಮಾಡುವುದು?

ಬೆಂಗಳೂರಿನ ತರಬೇತಿಯವರು ಈ ಪಾಠ ಹೇಳುವುದಿಲ್ಲ. ಹೊಸನಗರದ ಕಡೆಯೋ ಆಗುಂಬೆಯ ಕಡೆಯೋ ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾರೂ ಹೇಳಲಾರರು. ಟವರ್‌ನ ಬ್ಯಾಟರಿ ಮುಗಿದರೆ ಮೊಬೈಲೂ ಸತ್ತಂತೆ. ಅಂಥ ಹೊತ್ತಿನಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡ ಸ್ಟಾಪ್‌ಲಾಸ್ ಇದ್ದೂ ಇಲ್ಲದ ಹಾಗೆ. 20 ರೂಪಾಯಿಗೆ ಬಂದರೆ ಮಾರುತ್ತೇನೆ ಎಂದುಕೊಂಡಿರಿ, ಅದು 20ಕ್ಕೆ ಬಂದಾಗ ನೀವು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುತ್ತಿರುತ್ತೀರಿ.

ಕೊಳ್ಳುವ ಆರ್ಡರ್ ಹಾಕಿದ ಕೂಡಲೇ ಸ್ಟಾಪ್‌ಲಾಸ್ ಆರ್ಡರ್ ಕೂಡ ಹಾಕಿಬಿಡಿ. ಅದು ಎಕ್ಸ್‌ಚೇಂಜ್‌ನಲ್ಲಿ ಕುಳಿತಿರುತ್ತದೆ, ನಿಮ್ಮ ಮೊಬೈಲ್ ಬದುಕಿರಬೇಕೆಂದಿಲ್ಲ. ಎರಡು ವಿಷಯ ಮಾತ್ರ ತಿಳಿದಿರಲಿ. ಅದು ಅಂದಿನ ದಿನಕ್ಕೆ ಮಾತ್ರ. ಸಂಜೆ ರದ್ದಾಗುತ್ತದೆ, ಮರುದಿನ ಮತ್ತೆ ಹಾಕಬೇಕು. ಎರಡನೆಯದಾಗಿ, ಆಪ್ಷನ್‌ಗಳಲ್ಲಿ ಮಾರುಕಟ್ಟೆ ದರದ ಸ್ಟಾಪ್‌ಲಾಸ್ ಆರ್ಡರ್ ಅನ್ನು ಎನ್‌ಎಸ್‌ಇ 2021ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದೆ. ಈಗ ಇರುವುದು ಲಿಮಿಟ್ ದರದ ಸ್ಟಾಪ್‌ಲಾಸ್. 20ಕ್ಕೆ ಎಚ್ಚರಗೊಂಡು 19ರವರೆಗೆ ಮಾರು ಎಂದು ಹೇಳಿದ್ದೀರಿ, ಬೆಲೆ ಒಮ್ಮೆಲೇ 16ಕ್ಕೆ ಜಾರಿತು ಎಂದರೆ ಆರ್ಡರ್ ಹಾಗೆಯೇ ಉಳಿದುಬಿಡುತ್ತದೆ. ಎರಡು ದರಗಳ ನಡುವೆ ಸಾಕಷ್ಟು ಅಂತರ ಕೊಡಿ.

ಬ್ರೋಕರ್‌ಗೆ ಫೋನ್ ಮಾಡಿ ವಹಿವಾಟು ಮುಗಿಸುವ ಸೌಲಭ್ಯ ಇದೆಯೇ ಎಂದು ಈಗಲೇ ವಿಚಾರಿಸಿ, ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಬೇರೆ ಕಂಪನಿಯ ಇನ್ನೊಂದು ಸಿಮ್ ಇರಲಿ. ಇಷ್ಟಾದರೂ ಮಳೆಗಾಲದ ಮೂರು ತಿಂಗಳು ನಷ್ಟಕ್ಕೆ ಮಿತಿಯಿರುವ ವಹಿವಾಟನ್ನಷ್ಟೇ ಮಾಡಿ. ದಿನಕ್ಕೆ ಹತ್ತು ಸಲ ಒಳಹೊರಗೆ ಓಡಾಡುವ ವಹಿವಾಟು ಘಟ್ಟದ ಮೇಲಿನ ಒಂಟಿಮನೆಯಿಂದ ಆಗುವಂಥದ್ದಲ್ಲ.

ಷೇರು ಆಪ್ಷನ್ ಅನ್ನು ಎಕ್ಸ್‌ಪೈರಿಯವರೆಗೂ ಇಟ್ಟುಕೊಂಡರೆ ಏನಾಗುತ್ತದೆ?

ನಿಫ್ಟಿ ಆಪ್ಷನ್‌ನಲ್ಲಿ ಹಣದ ಲೆಕ್ಕ ಚುಕ್ತಾ ಆಗಿ ಮುಗಿಯುತ್ತದೆ. ಬಿಡಿ ಷೇರಿನದು ಹಾಗಲ್ಲ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಡೆರಿವೇಟಿವ್‌ಗಳಲ್ಲೂ ಷೇರನ್ನೇ ಕೊಟ್ಟು ತೆಗೆದುಕೊಳ್ಳಬೇಕು. ಇದು ಗೊತ್ತಿಲ್ಲದೆ ಕೊನೆಯ ದಿನ ಕಂಗಾಲಾಗುವವರು ಪ್ರತಿ ವರ್ಷ ಸಿಗುತ್ತಾರೆ.

ನಿಮ್ಮ ಬಳಿ 1,480ರ ಕಾಲ್ ಇದೆ, ಷೇರು 1,485ಕ್ಕೆ ಮುಗಿಯಿತು. ಷೇರಿಗೆ 5 ರೂಪಾಯಿ, ಒಟ್ಟು 2,000 ರೂಪಾಯಿ ಬಂತು ಎಂದು ನೀವು ಸಂತೋಷದಲ್ಲಿದ್ದೀರಿ. ಆದರೆ ಲಾಭದಲ್ಲಿರುವ ಆಪ್ಷನ್ (ಕಾಲ್ ಆದರೆ ಷೇರು ಸ್ಟ್ರೈಕ್‌ಗಿಂತ ಮೇಲಿರುವುದು, ಪುಟ್ ಆದರೆ ಕೆಳಗಿರುವುದು) ತಾನಾಗಿಯೇ ಚಲಾವಣೆಯಾಗುತ್ತದೆ. 1,480ರಂತೆ 400 ಷೇರು ಕೊಳ್ಳಲು 5,92,000 ರೂಪಾಯಿ ಕಟ್ಟಬೇಕು. ಡೆಲಿವರಿ ವಹಿವಾಟಿನ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ಬ್ರೋಕರ್ ಶುಲ್ಕ ಬೇರೆ. ಪುಟ್ ಇಟ್ಟುಕೊಂಡವರ ಪಾಡು ಇನ್ನೂ ಬಿಗಿ: 400 ಷೇರು ಡಿಮ್ಯಾಟ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಹರಾಜಿನಲ್ಲಿ ಕೊಂಡು ತುಂಬುವ ಖರ್ಚು ದಂಡವಾಗಿ ಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಎಕ್ಸ್‌ಪೈರಿಗೆ ನಾಲ್ಕು ದಿನ ಮೊದಲಿನಿಂದ, ಕೊಂಡ ಆಪ್ಷನ್ ಲಾಭದಲ್ಲಿದ್ದರೆ ಅದಕ್ಕೂ ಡೆಲಿವರಿ ಮಾರ್ಜಿನ್ ಕೇಳುತ್ತಾರೆ, ದಿನದಿಂದ ದಿನಕ್ಕೆ ಹೆಚ್ಚಿಸುತ್ತಾರೆ. ಹಣ ಇಲ್ಲದವರ ಪೊಸಿಷನ್ ಅನ್ನು (ಮುಗಿಯದೆ ಉಳಿದಿರುವ ವಹಿವಾಟನ್ನು) ಬ್ರೋಕರ್ ತಾನೇ ಕತ್ತರಿಸುತ್ತಾನೆ, ಬೆಲೆ ಯಾವುದಾದರೂ ಸರಿ.

2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇಯಲ್ಲಿ ಷೇರು ಆಪ್ಷನ್‌ಗಳ ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರ. ಅಂದು ರಜೆಯಿದ್ದರೆ ಹಿಂದಿನ ವಹಿವಾಟು ದಿನ. ಹಳೆಯ ವಿಡಿಯೊ ನೋಡಿ ಗುರುವಾರ ಎಂದುಕೊಂಡಿರುವವರು ಕ್ಯಾಲೆಂಡರ್ ತಿದ್ದಿಕೊಳ್ಳಿ. ಹಿಂದಿನ ವಾರದ ಬುಧವಾರದೊಳಗೆ ಹೊರಬನ್ನಿ ಎಂದು ನಾನು ಹೇಳುತ್ತೇನೆ.

ದಿನದ ಯಾವ ಹೊತ್ತಿನಲ್ಲಿ ಕೊಳ್ಳುವುದು ಒಳ್ಳೆಯದು?

ಪೇಟೆ ತೆರೆದ ಮೊದಲ ಕಾಲು ಗಂಟೆ ಬಿಟ್ಟುಬಿಡಿ. ಆಗ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ದೊಡ್ಡ ಅಂತರ ಇರುತ್ತದೆ. ಷೇರು ಆಪ್ಷನ್‌ಗಳಲ್ಲಿ ಆ ಅಂತರವೇ ಮೊದಲ ನಷ್ಟ. 30 ರೂಪಾಯಿಗೆ ಕೊಳ್ಳುವವರು, 33ಕ್ಕೆ ಮಾರುವವರು ಇರುವ ಕಡೆ ನೀವು 33ಕ್ಕೆ ಕೊಂಡರೆ, ಕೊಂಡ ಕ್ಷಣದಲ್ಲೇ 400ರ ಲಾಟ್‌ಗೆ 1,200 ಕೈಬಿಟ್ಟ ಹಾಗೆ. ಯಾವಾಗಲೂ ಲಿಮಿಟ್ ಆರ್ಡರ್ ಹಾಕಿ, ಈಗಿನ ಬೆಲೆಯ ಹತ್ತಿರದ ಒಂದೆರಡು ಸ್ಟ್ರೈಕ್‌ಗಳಲ್ಲೇ ಇರಿ. ದೂರದ ಸ್ಟ್ರೈಕ್ 2 ರೂಪಾಯಿಗೆ ಸಿಗುತ್ತದೆ, ನಿಜ. ಮಾರಲು ಹೋದಾಗ ಕೊಳ್ಳುವವರು ಇರುವುದಿಲ್ಲ.

ಒಂದು ಷೇರಿನ ಡೆರಿವೇಟಿವ್ ಪೊಸಿಷನ್‌ಗಳು ಆ ಷೇರಿಗೆ ಇಡೀ ಪೇಟೆಗೆಂದು ನಿಗದಿಯಾದ ಒಟ್ಟು ಮಿತಿಯ ಶೇ 95ನ್ನು ದಾಟಿದರೆ ಅದು ನಿಷೇಧದ ಪಟ್ಟಿಗೆ ಹೋಗುತ್ತದೆ, ಶೇ 80ಕ್ಕೆ ಇಳಿಯುವವರೆಗೆ ಇರುವ ಪೊಸಿಷನ್ ಇಳಿಸಬಹುದೇ ಹೊರತು ಹೆಚ್ಚಿಸುವಂತಿಲ್ಲ. ಬೆಳಿಗ್ಗೆ ಆ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ.

ಟೆಲಿಗ್ರಾಂ ಗುಂಪಿನಲ್ಲಿ ಖಚಿತ ಲಾಭದ ಕರೆ ಕೊಡುತ್ತಾರೆ. ಸೇರಬಹುದೇ?

ಖಚಿತ ಎಂಬ ಪದ ಕಂಡಲ್ಲಿ ಓದುವುದನ್ನು ನಿಲ್ಲಿಸಿ. ಖಚಿತ ಲಾಭದ ಭರವಸೆ ಕೊಡುವುದನ್ನು ಸೆಬಿ ಒಪ್ಪುವುದಿಲ್ಲ. ಸಲಹೆ ಕೊಟ್ಟು ಹಣ ಪಡೆಯುವವರು ಹೂಡಿಕೆ ಸಲಹೆಗಾರರಾಗಿಯೋ ಸಂಶೋಧನಾ ವಿಶ್ಲೇಷಕರಾಗಿಯೋ ನೋಂದಾಯಿಸಿಕೊಂಡಿರಬೇಕು. ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬಹುದು. ನಾವು ಪಾಠ ಮಾತ್ರ ಮಾಡುತ್ತೇವೆ ಎನ್ನುವವರಿಗೂ 2025ರ ಜನವರಿಯಲ್ಲಿ ಒಂದು ನಿಯಮ ಬಂತು: ಪಾಠದಲ್ಲಿ ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸುವಂತಿಲ್ಲ. ಇಂದಿನ ಪೇಟೆ ತೋರಿಸುತ್ತ ನಡೆಯುವ ತರಗತಿ ಅಂದರೆ ಏನೆಂದು ನೀವೇ ಅಂದಾಜಿಸಿ.

ಲಾಗಿನ್ ಪಾಸ್‌ವರ್ಡ್ ಕೊಡಿ, ನಿಮ್ಮ ಖಾತೆಯನ್ನು ನಾವೇ ನಡೆಸುತ್ತೇವೆ ಎನ್ನುವವರು ಸಂಬಂಧಿಕರೇ ಆಗಿದ್ದರೂ ಬೇಡ. ಅಪರಿಚಿತ ಆ್ಯಪ್‌ಗೆ ಹಣ ಕಳುಹಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನೋಂದಾಯಿತ ಬ್ರೋಕರ್ ಮೇಲಿನ ದೂರಿಗೆ ಸೆಬಿಯ ಸ್ಕೋರ್ಸ್ ವ್ಯವಸ್ಥೆ ಇದೆ.

ನಾನು ಸರ್ಕಾರಿ ಶಾಲೆಯ ಶಿಕ್ಷಕ. ಮಾಡಬಹುದೇ?

ಸರ್ಕಾರಿ ನೌಕರರ ನಡತೆ ನಿಯಮಗಳು ಷೇರುಗಳಲ್ಲಿ ಸಟ್ಟಾ ವ್ಯವಹಾರವನ್ನು ನಿಷೇಧಿಸುತ್ತವೆ. ಪದೇ ಪದೇ ಕೊಂಡು ಮಾರುವುದನ್ನೂ ಅದೇ ದೃಷ್ಟಿಯಿಂದ ನೋಡುತ್ತಾರೆ. ಷೇರನ್ನೋ ಮ್ಯೂಚುವಲ್ ಫಂಡನ್ನೋ ಕೊಂಡು ಇಟ್ಟುಕೊಳ್ಳುವುದು ಬೇರೆ, ದಿನವೂ ಆಪ್ಷನ್ ಮಾಡುವುದು ಬೇರೆ. ಹೆಂಡತಿಯ ಹೆಸರಿನಲ್ಲಿ ಮಾಡುತ್ತೇನೆ ಎಂದು ನನ್ನ ಬಳಿ ಹೇಳಬೇಡಿ. ಕೇಳಿಸಿಕೊಳ್ಳುವ ಆಸೆ ನನಗಿಲ್ಲ.

ಬ್ರೋಕರೇಜ್ 20 ರೂಪಾಯಿ ತಾನೇ, ಖರ್ಚಿನ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಕೊಳ್ಳಲು 20, ಮಾರಲು 20, ಅದರ ಮೇಲೆ ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಶುಲ್ಕ, ಜಿಎಸ್‌ಟಿ. ಆಪ್ಷನ್ ಮಾರುವಾಗ ಬೀಳುವ ಎಸ್‌ಟಿಟಿಯನ್ನು 2024ರ ಅಕ್ಟೋಬರ್ 1ರಂದೇ ಪ್ರೀಮಿಯಂನ ಶೇ 0.0625ರಿಂದ ಶೇ 0.1ಕ್ಕೆ ಏರಿಸಿದರು. 2023-24ರಲ್ಲಿ ಒಬ್ಬೊಬ್ಬ ವೈಯಕ್ತಿಕ ವಹಿವಾಟುದಾರ ಸರಾಸರಿ 26,000 ರೂಪಾಯಿಯನ್ನು ಖರ್ಚಿಗೇ ಕೊಟ್ಟಿದ್ದಾನೆ ಎಂದು ಸೆಬಿಯ ಅದೇ ಅಧ್ಯಯನ ಹೇಳುತ್ತದೆ. ವಹಿವಾಟಿನ ಸಂಖ್ಯೆ ಕಡಿಮೆ ಮಾಡುವುದೊಂದೇ ಇದಕ್ಕೆ ಔಷಧಿ.

ಈ ವರ್ಷ ಬರೀ ನಷ್ಟ. ರಿಟರ್ನ್ಸ್ ಹಾಕಲೇಬೇಕೇ? ಅಡಿಕೆ ಆದಾಯದಲ್ಲಿ ವಜಾ ಮಾಡಬಹುದೇ?

ನಷ್ಟವಾದ ವರ್ಷವೇ ಹಾಕಬೇಕು. ಎಫ್ ಆಂಡ್ ಒ ವ್ಯವಹಾರ ತೆರಿಗೆ ಕಾನೂನಿನಲ್ಲಿ ಸಟ್ಟಾ ಅಲ್ಲದ ವ್ಯಾಪಾರ. ಅದರ ನಷ್ಟವನ್ನು ಅದೇ ವರ್ಷದ ಬಾಡಿಗೆ, ಬಡ್ಡಿಯಂಥ ಆದಾಯದ ಎದುರು ವಜಾ ಮಾಡಬಹುದು. ಸಂಬಳದ ಎದುರು ಆಗುವುದಿಲ್ಲ. ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ವ್ಯಾಪಾರದ ಲಾಭದ ಎದುರು ಹೊಂದಿಸಬಹುದು. ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದವರಿಗೆ ಮಾತ್ರ ಈ ಅನುಕೂಲ. ಅದೇ ದಿನ ಷೇರು ಕೊಂಡು ಮಾರುವ ಇಂಟ್ರಾಡೇ ನಷ್ಟದ ಲೆಕ್ಕವೇ ಬೇರೆ; ಅದು ಸಟ್ಟಾ ನಷ್ಟ, ನಾಲ್ಕು ವರ್ಷ ಮಾತ್ರ ಉಳಿಯುತ್ತದೆ.

ಅಡಿಕೆ ಆದಾಯ ಕೃಷಿ ಆದಾಯ, ಅದಕ್ಕೆ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದ ಕಡೆ ನಷ್ಟ ತೋರಿಸಿ ಉಳಿಸುವುದಕ್ಕೆ ಏನೂ ಇಲ್ಲ. ತಿರುವು ಲಾಭ ಬಂದ ವರ್ಷದಲ್ಲಿದೆ: ಆಪ್ಷನ್ ಲಾಭವೂ ಸೇರಿ ಕೃಷಿಯೇತರ ಆದಾಯ ವಿನಾಯಿತಿ ಮಿತಿಯನ್ನು ದಾಟಿದರೆ, ತೆರಿಗೆಯ ದರ ನಿರ್ಧರಿಸಲು ಕೃಷಿ ಆದಾಯವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಅಡಿಕೆ ಚೆನ್ನಾಗಿ ಬಂದವರಿಗೆ ಆಪ್ಷನ್ ಲಾಭದ ಮೇಲಿನ ತೆರಿಗೆ ಅಂದುಕೊಂಡದ್ದಕ್ಕಿಂತ ಹೆಚ್ಚಾಗುವುದು ಈ ಕಾರಣಕ್ಕೆ.

ಬರುವಾಗ ಮೂರು ಕಾಗದ ತನ್ನಿ: ಬ್ರೋಕರ್ ಜಾಲತಾಣದಿಂದ ಇಳಿಸಿಕೊಂಡ ತೆರಿಗೆ ಲಾಭ-ನಷ್ಟದ ವರದಿ ಮತ್ತು ಲೆಡ್ಜರ್, ಬ್ಯಾಂಕಿನಿಂದ ವರ್ಷದ ಪಾಸ್‌ಪುಸ್ತಕದ ಪ್ರತಿ. ಐಟಿಆರ್ 3 ತುಂಬಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಗಡುವಿನ ಹಿಂದಿನ ಸಂಜೆ ಬರಬೇಡಿ.